ಹದಿನೇಳನೇ ತಾರೀಖಿನ ನಡಾವಳಿ

ಜಗದಾಂಬಾ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ಜೇಬುಗಳಿಗೆ ಕೈ ಹಾಕಿ ತೆಗೆಯುತ್ತಿದ್ದಳು. ಒಂದು ಜಾಕೆಟಿಗೆ ಏಳು ಜೇಬು, ಗಂಟೆಗೆ ಅರವತ್ತು ಜಾಕೆಟ್, ಎಂಟು ಗಂಟೆ. ಜೇಬಿನ ತಳದಲ್ಲಿ ಹೊಲಿಗೆ ಬಿಟ್ಟಿದೆಯೇ, ದಾರದ ಗಂಟು ಉಳಿದಿದೆಯೇ, ಸೂಜಿಯ ಚೂರು ಸಿಕ್ಕಿಕೊಂಡಿದೆಯೇ ಎಂದು ಬೆರಳಿನಲ್ಲೇ ನೋಡಬೇಕು. ಚೆಕ್ಕರ್ ಕೆಲಸ. ಸ್ಟೂಲಿನ ಮೇಲೆ ಕೂತು ಮಾಡುವಂಥದ್ದು. ಆರು ವರ್ಷ ನಿಂತು ದಾರ ಕತ್ತರಿಸಿದ ಮೇಲೆ ಅವಳಿಗೆ ಆ ಸ್ಟೂಲು ಸಿಕ್ಕಿತ್ತು.

ಗಾರ್ಮೆಂಟ್ಸ್ ಇದ್ದದ್ದು ಶಿವಮೊಗ್ಗದ ಹೊರಗೆ. ಜಾಕೆಟ್ಟುಗಳು ಯಾವುದೋ ಚಳಿ ದೇಶಕ್ಕೆ ಹೋಗುತ್ತಿದ್ದವು. ಹೊಲಿಯುವಾಗ ಸೂಜಿ ಮುರಿದರೆ ಇಡೀ ಲೈನ್ ನಿಲ್ಲುತ್ತಿತ್ತು. ಮುರಿದ ಚೂರುಗಳನ್ನೆಲ್ಲ ಹುಡುಕಿ, ಒಂದರ ಪಕ್ಕ ಒಂದಿಟ್ಟು, ಪೂರ್ತಿ ಸೂಜಿ ಆಯಿತು ಎಂದು ಖಾತ್ರಿಯಾದ ಮೇಲೆ ರಿಜಿಸ್ಟರಿನಲ್ಲಿ ಗಮ್ ಟೇಪ್ ಹಾಕಿ ಅಂಟಿಸಬೇಕು. ಆಮೇಲೇ ಮೆಶಿನ್ ಶುರು. ಚಳಿ ದೇಶದ ಯಾರಿಗೂ ಸೂಜಿ ಚುಚ್ಚಬಾರದು ಎಂದು ಜಾಕೆಟ್ ಕೊಳ್ಳುವ ಬ್ರ್ಯಾಂಡಿನವರ ಕಟ್ಟುನಿಟ್ಟು.

ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಮನೆಯಲ್ಲೂ ಜೇಬು ನೋಡುವವಳು ಅವಳೇ. ಗಂಡ ನಾಗೇಶನ ಪ್ಯಾಂಟು ನೆನೆಹಾಕುವ ಮುಂಚೆ ಅಡಿಕೆಪುಡಿ ಚೀಟಿ, ಬೀಡಿ ತುಂಡು, ಬಸ್ ಟಿಕೆಟ್ ತೆಗೆದು ಕಿಟಕಿಯ ಮೇಲೆ ಇಡುತ್ತಿದ್ದಳು. ನಾಗೇಶ ಹಿಂದೆ ಕಾಗದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದ. ಅದು ನಿಂತ ಮೇಲೆ ಒಂದು ಕಲ್ಯಾಣ ಮಂಟಪದ ವಾಚ್‌ಮನ್ ಆದ. ಮುಹೂರ್ತ ಇಲ್ಲದ ತಿಂಗಳಲ್ಲಿ ಮನೆಯಲ್ಲೇ ಇರುತ್ತಿದ್ದ. ಅವನು ಮನೆಯಲ್ಲಿದ್ದ ದಿನ ಸಂಜೆ ಅವಳು ಬಂದಾಗ ಸಿಂಕಿನಲ್ಲಿ ನಾಲ್ಕು ಟೀ ಲೋಟ ಹೆಚ್ಚಿರುತ್ತಿದ್ದವು. ಅತ್ತೆ ದುರ್ಗಮ್ಮನಿಗೆ ಮಂಡಿನೋವು. ಒಬ್ಬಳೇ ಮಗಳು ಸಮತಾ ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಅವಳ ಓದು ನಡೆಯುತ್ತಿದ್ದದ್ದು ಆ ಸ್ಟೂಲಿನ ಮೇಲೆ.

ನಾಲ್ಕೂವರೆಗೆ ಎದ್ದು, ನಲ್ಲಿ ಬರುವ ದಿನವಾದರೆ ನೀರು ತುಂಬಿ, ಚಪಾತಿ ಲಟ್ಟಿಸಿ, ಮೂರು ಡಬ್ಬಿಗೆ ಹಾಕಿ, ಅತ್ತೆಯ ಮಾತ್ರೆ ತಟ್ಟೆಯಲ್ಲಿ ತೆಗೆದಿಟ್ಟು, ಏಳೂ ಹತ್ತಕ್ಕೆ ಕಂಪನಿ ಬಸ್ ಹತ್ತುತ್ತಿದ್ದಳು. ಬೇಜಾರು ಎಂದು ಅವಳು ಯಾರ ಹತ್ತಿರವೂ ಹೇಳಿದ್ದಿಲ್ಲ. ಬೇಜಾರಾಗುತ್ತಿತ್ತೇ ಎಂದರೆ, ಅದೂ ಗೊತ್ತಿಲ್ಲ. ಯಾವಾಗಲೋ ಒಂದು ಸಲ ಸಮತಾ ಫೋನಿನಲ್ಲಿ, "ಹೇಗಿದೀಯಾ ಅಮ್ಮ?" ಎಂದಾಗ ಜಗದಾಂಬಾ ಸ್ವಲ್ಪ ಹೊತ್ತು ಯೋಚಿಸಿ, "ಅಕ್ಕಿ ಮುಗಿದಿದೆ," ಎಂದಿದ್ದಳು.

ಹದಿನಾಲ್ಕು ವರ್ಷದಿಂದ ಅವಳು ಓಣಿಯ ಸ್ವಸಹಾಯ ಸಂಘದ ಸದಸ್ಯೆ. ಸಂಘದ ನಡಾವಳಿ ಪುಸ್ತಕಕ್ಕೆ ಅಲ್ಲಿನ ಹೆಂಗಸರು ಮೊದಲು ಸಹಿ ಹಾಕುತ್ತಿದ್ದರು, ಬರಹ ಆಮೇಲೆ. ಒಬ್ಬಳ ಒಲೆಯ ಮೇಲೆ ಹಾಲು, ಇನ್ನೊಬ್ಬಳ ಗಂಡ ಊಟಕ್ಕೆ ಬರುವ ಹೊತ್ತು. ಹತ್ತು ಜನ ಒಟ್ಟಿಗೆ ಕೂತು, ಬರೆದದ್ದನ್ನು ಓದಿಸಿ, ಸರಿ ಎಂದು ಸಹಿ ಹಾಕುವಷ್ಟು ಪುರುಸೊತ್ತು ಒಂದು ದಿನವೂ ಆಗಿರಲಿಲ್ಲ. ಪುಸ್ತಕ ಬರೆಯುವವಳು ಮನೆಮನೆಗೆ ಬರುತ್ತಿದ್ದಳು. ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಹಾಳೆಯ ಕೊನೆಯಲ್ಲಿ ಸಹಿ ಹಾಕಿ ಕಳಿಸುತ್ತಿದ್ದರು. ಸಭೆಯಲ್ಲಿ ಏನಾಯಿತು ಎನ್ನುವುದನ್ನು ಆ ಬರೆಯುವವಳು ಭಾನುವಾರ ಕೂತು ತುಂಬುತ್ತಿದ್ದಳು. ಅಷ್ಟು ವರ್ಷದಲ್ಲಿ ಅದರಿಂದ ಯಾರಿಗೂ ಮೋಸವಾಗಿರಲಿಲ್ಲ.

ಕಳೆದ ಜುಲೈಯಲ್ಲಿ ಗಾರ್ಮೆಂಟ್ಸಿನ ಕಾರ್ಮಿಕರ ಸಮಿತಿಗೆ ಅವಳ ಹೆಸರು ಸೇರಿತು. ಆರಿಸಿದವರು ಯಾರೆಂದು ಅವಳಿಗೆ ತಿಳಿಯದು. ಬ್ರ್ಯಾಂಡಿನವರು ಸಮಿತಿ ಇರಲೇಬೇಕು ಅನ್ನುತ್ತಾರೆ ಎಂದಷ್ಟೇ ಗೊತ್ತು. ಎಚ್‌ಆರ್ ಹುಡುಗಿ ತನುಜಾ ಹೊಸ ಪುಸ್ತಕ ಹಿಡಿದುಕೊಂಡು ಸ್ಟೂಲಿನ ಹತ್ತಿರ ಬಂದಳು. ವಿನೋಬನಗರದ ಹುಡುಗಿ, ಎರಡು ವರ್ಷದ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬರುತ್ತಿದ್ದಳು.

"ಅಕ್ಕ, ಮೊದಲನೇ ಮೀಟಿಂಗಿಗೆ ಒಂದು ಸಹಿ. ಬರೆಯೋದು ಆಮೇಲೆ ಬರೀತೀನಿ, ಪರವಾಗಿಲ್ವಾ?"

"ಬರ್ಕೋ ಮಾರಾಯ್ತಿ. ನಾವು ಸಂಘದಲ್ಲೂ ಹಾಗೇ ಮಾಡೋದು," ಎಂದಳು ಜಗದಾಂಬಾ. ಒಂದು ಕೈ ಜೇಬಿನೊಳಗೇ ಇತ್ತು. "ಮುಂದಿನ ಎರಡಕ್ಕೂ ಈಗಲೇ ಹಾಕಿಬಿಡ್ಲಾ? ಪದೇ ಪದೇ ಲೈನ್ ಬಿಟ್ಟು ಬರೋಕಾಗಲ್ಲ."

ತನುಜಾ ಕೇಳಿದ್ದು ಒಂದು. ಜಗದಾಂಬಾ ಹಾಕಿದ್ದು ಮೂರು.

ಪಕ್ಕದ ಟೇಬಲಿನಲ್ಲಿ ನಿಂತು ದಾರ ಕತ್ತರಿಸುತ್ತಿದ್ದ ವಿಮಲಮ್ಮನೂ ಸಮಿತಿಯಲ್ಲಿದ್ದಳು. ಅವಳೂ ಮೂರು ಹಾಕಿದಳು.

*

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಸುಪ್ರಿಯಾ ಜನ್ನಾಪುರದ ಮನೆಗೆ ಬಂದಳು. ಇಸ್ತ್ರಿ ವಿಭಾಗದ ಹುಡುಗಿ. ತವರು ಹೊಳೆಹೊನ್ನೂರು, ಗಂಡನ ಜೊತೆ ಬಾಡಿಗೆಗಿದ್ದದ್ದು ಗೋಪಾಳದಲ್ಲಿ. ಆರು ತಿಂಗಳ ಬಸುರಿ. ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಜಗದಾಂಬಾ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು.

"ಬಾರವ್ವ, ಕೂತ್ಕೋ," ಎಂದರು ದುರ್ಗಮ್ಮ ಟಿವಿಯ ಮೇಲಿನ ಕಣ್ಣು ತೆಗೆಯದೆ. "ಎಷ್ಟು ತಿಂಗಳು?"

"ಆರು, ಅಜ್ಜಿ."

"ಹೊಟ್ಟೆ ನೋಡಿದ್ರೆ ಗಂಡು."

"ಕೆಲಸದಿಂದ ತೆಗೆದಿದಾರೆ ಅಜ್ಜಿ."

"ಹೋಗ್ಲಿ ಬಿಡು. ಈಗ ಯಾಕೆ ಕೆಲಸ? ಆರಾಮಾಗಿ ಮನೆ ಕೆಲಸ ಮಾಡ್ಕೊಂಡಿರು."

ಸುಪ್ರಿಯಾ ಅಡುಗೆಮನೆಗೆ ಬಂದು, ಫೋನು ಜಗದಾಂಬಾಳ ಮುಖದ ಹತ್ತಿರ ಹಿಡಿದಳು.

"ಅಕ್ಕ, ಇದು ನಿಮ್ ಸಹಿನಾ?"

ಸಮಿತಿಯ ನಡಾವಳಿ ಪುಸ್ತಕದ ಒಂದು ಹಾಳೆಯ ಫೋಟೋ. ತನುಜಾಳ ದುಂಡನೆ ಅಕ್ಷರ. ದಿನಾಂಕ 17-09-2025, ಬುಧವಾರ, ಮಧ್ಯಾಹ್ನ ಮೂರು ಗಂಟೆ. ಇಸ್ತ್ರಿ ವಿಭಾಗದ ಶ್ರೀಮತಿ ಸುಪ್ರಿಯಾ ಅವರು ಸಮಿತಿಯ ಮುಂದೆ ಹಾಜರಾಗಿ, ಮನೆಯ ಜವಾಬ್ದಾರಿಗಳ ಕಾರಣದಿಂದ ಸ್ವಇಚ್ಛೆಯಿಂದ ಕೆಲಸ ಬಿಡುವುದಾಗಿ ತಿಳಿಸಿದರು. ಸಮಿತಿಯು ಸರ್ವಾನುಮತದಿಂದ ಒಪ್ಪಿತು. ಕೆಳಗೆ ಎಡಕ್ಕೆ ವಿಮಲಮ್ಮ, ಬಲಕ್ಕೆ ಜಗದಾಂಬಾ.

"ನಂದೇ," ಎಂದಳು ಜಗದಾಂಬಾ.

"ನಾನು ಯಾವ ಸಮಿತಿ ಮುಂದೂ ನಿಂತಿಲ್ಲ ಅಕ್ಕ. ಆವತ್ತು ನಾನು ನಿಂತಿದ್ದು ಇಸ್ತ್ರಿ ಟೇಬಲ್ ಮುಂದೆ."

ಆದದ್ದು ಇಷ್ಟು. ಐದು ತಿಂಗಳು ತುಂಬಿದಾಗ ಸುಪ್ರಿಯಾ ಕೂತು ಮಾಡುವ ಕೆಲಸ ಕೇಳಿದ್ದಳು. ಫ್ಲೋರಿನ ಮೇಲ್ವಿಚಾರಕ, "ಕೂರೋದಾದ್ರೆ ಮನೇಲಿ ಕೂರು," ಎಂದಿದ್ದ. ಸೆಪ್ಟೆಂಬರ್ ಹದಿನೆಂಟರಂದು ಸ್ಟೀಮ್ ಇಸ್ತ್ರಿಯ ಬಿಸಿಗೆ ತಲೆ ತಿರುಗಿ ಬಿದ್ದಳು. ಡಾಕ್ಟರು ವಾರ ಮಲಗು ಎಂದರು. ವಾರ ಬಿಟ್ಟು ಬಂದರೆ ಗೇಟಿನಲ್ಲಿ ಅವಳ ಕಾರ್ಡು ಕೆಲಸ ಮಾಡಲಿಲ್ಲ. ನೀನೇ ಬಿಟ್ಟಿದ್ದೀಯಲ್ಲ, ಎಂದರು. ಟಾಯ್ಲೆಟ್ಟಿನ ಪಕ್ಕ ಗೋಡೆಗೆ ಅಂಟಿಸಿದ್ದ ಬ್ರ್ಯಾಂಡಿನ ದೂರಿನ ನಂಬರು ಅವಳ ಫೋನಿನಲ್ಲಿತ್ತು. ಫೋನ್ ಮಾಡಿದಳು. ಅವರು ಕಂಪನಿಯನ್ನು ಕೇಳಿದರು. ಕಂಪನಿ ಈ ಹಾಳೆಯ ಫೋಟೋ ಕಳಿಸಿತು, ಅವರು ಅದನ್ನು ಸುಪ್ರಿಯಾಗೆ ಕಳಿಸಿದರು.

"ಇಪ್ಪತ್ತಾರು ವಾರ ರಜೆ ಇದೆ ಅಕ್ಕ ನಂಗೆ, ಆಮೇಲೆ ಅದೇ ಕೆಲಸ. ಕಾನೂನು ಅದು. ನಾನೇ ಬಿಟ್ಟೆ ಅಂತಾದ್ರೆ ಏನೂ ಇಲ್ಲ. ಇರೋದು ಇದೊಂದೇ ಕಾಗದ. ನೀವು ಓದದೇ ಹಾಕಿದ್ರಾ?"

"ಖಾಲಿ ಇತ್ತು."

"ಖಾಲಿ ಹಾಳೆಗೆ ಯಾರಾದ್ರೂ ಸಹಿ ಹಾಕ್ತಾರಾ?"

"ಸಂಘದಲ್ಲಿ ಹಾಗೇ ಹಾಕೋದು."

ಸುಪ್ರಿಯಾ ಅವಳನ್ನು ನೋಡಿದಳು. "ಇದು ಸಂಘ ಅಲ್ಲ ಅಕ್ಕ."

ಹೊರಗಿನಿಂದ ದುರ್ಗಮ್ಮ, "ಏ ಜಗದಾಂಬಾ, ಬಸುರಿ ಹೆಂಗಸನ್ನ ನಿಲ್ಸಿ ಮಾತಾಡ್ಸ್ತೀಯಲ್ಲೇ, ಒಂದು ಲೋಟ ಹಾಲಾದ್ರೂ ಕೊಡು," ಎಂದರು. ಜಗದಾಂಬಾ ಹಾಲು ಕಾಯಿಸಿ ಕೊಟ್ಟಳು. ಸುಪ್ರಿಯಾ ಕುಡಿದಳು.

"ಬೆಂಗಳೂರಿಂದ ಬ್ರ್ಯಾಂಡಿನ ಕಡೆಯೋರು ಬರ್ತಾರೆ, ಇನ್ನೊಂದು ಹತ್ತು ದಿನಕ್ಕೆ. ನಿಮ್ಮನ್ನ ಕೇಳ್ತಾರೆ. ಖಾಲಿ ಇತ್ತು ಅನ್ನಿ. ಅಷ್ಟು ಸಾಕು."

"ನಂಬ್ತಾರಾ? ವಿಮಲಮ್ಮಂದೂ ಇದೆ ಸಹಿ."

"ನಂಗೇನು ಗೊತ್ತು ಅಕ್ಕ, ನಂಬ್ತಾರೋ ಬಿಡ್ತಾರೋ," ಎಂದು ಸುಪ್ರಿಯಾ ಲೋಟ ತೊಳೆದಿಡಲು ಸಿಂಕಿನ ಕಡೆ ಹೋದಳು. ಜಗದಾಂಬಾ ಲೋಟ ಕಿತ್ತುಕೊಂಡಳು.

ಅವಳು ಹೋದ ಮೇಲೆ ಜಗದಾಂಬಾ ಉಳಿದ ಬೀನ್ಸ್ ಹೆಚ್ಚಿದಳು. ಅವಳಿಗೆ ಗೊತ್ತಿದ್ದ ಒಂದು ಸಂಗತಿ ಸುಪ್ರಿಯಾಗೆ ಗೊತ್ತಿರಲಿಲ್ಲ, ತನುಜಾಗೂ ಗೊತ್ತಿರಲಿಲ್ಲ. ಸೆಪ್ಟೆಂಬರ್ ಹದಿನೇಳರ ಬುಧವಾರ ಜಗದಾಂಬಾ ಕೆಲಸಕ್ಕೇ ಹೋಗಿರಲಿಲ್ಲ. ಅದು ಪಕ್ಷದ ಹದಿನೈದು ದಿನದ ನಡುವೆ. ಸತ್ತ ಮಾವ ಕಲ್ಲಪ್ಪನಿಗೆ ಆವತ್ತು ಎಡೆ ಇಟ್ಟಿದ್ದರು. ಕಂಪನಿಯವರು ಸುಪ್ರಿಯಾ ಕೆಲಸಕ್ಕೆ ಬಂದಿದ್ದ ದಿನವನ್ನು ನೋಡಿ ತಾರೀಖು ಹಾಕಿದ್ದರು. ಸಹಿ ಹಾಕಿದವಳು ಬಂದಿದ್ದಳೇ ಎಂದು ನೋಡಿರಲಿಲ್ಲ.

ಖಾಲಿ ಇತ್ತು ಎಂದರೆ ಅದು ಬರೀ ಬಾಯಿಮಾತು. ನಾನು ಆವತ್ತು ಇರಲೇ ಇಲ್ಲ ಎಂದರೆ ಹಾಜರಿ ತೆಗೆದು ನೋಡಬಹುದು. ಇಡೀ ಹಾಳೆ ಸುಳ್ಳೆಂದು ಅಲ್ಲಿಗೆ ಮುಗಿಯುತ್ತದೆ. ಅದನ್ನು ಸುಪ್ರಿಯಾಗೆ ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಮತ್ತೆ ಹಿಂದೆಗೆಯುವ ಹಾಗಿರಲಿಲ್ಲ. ಅದಕ್ಕೇ ಹಾಲು ಕೊಟ್ಟು ಕಳಿಸಿದ್ದಳು.

ರಾತ್ರಿ ಊಟಕ್ಕೆ ಬಡಿಸುವಾಗ ಕೇಳಿದಳು, "ಈ ಸಲ ಪಕ್ಷ ಯಾವತ್ತು ಮಾಡಿದ್ವಿ?"

ನಾಗೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. "ಭಾನುವಾರ ಅಲ್ವಾ?"

"ಭಾನುವಾರ ಅಲ್ಲ ಕಣೋ," ಎಂದರು ದುರ್ಗಮ್ಮ. "ಅಮಾವಾಸ್ಯೆ ದಿನ. ಕೋಳಿ ಸಾರಿಗೆ ಉಪ್ಪು ಜಾಸ್ತಿ ಆಗಿತ್ತಲ್ಲ, ಆವತ್ತು."

"ಬುಧವಾರ," ಎಂದಳು ಜಗದಾಂಬಾ. "ನಾನು ರಜೆ ಹಾಕಿದ್ದೆ."

"ಹಾಕಿದ್ಯಾ?" ಎಂದ ನಾಗೇಶ.

ಉಪ್ಪು ಎಲ್ಲರಿಗೂ ನೆನಪಿತ್ತು.

*

ಸೋಮವಾರ ಬಸ್ಸಿನಲ್ಲಿ ವಿಮಲಮ್ಮ ಜಾಗ ಹಿಡಿದಿದ್ದಳು. ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ಸೀಟು. ವಿಮಲಮ್ಮ ವಿಧವೆ, ಸೊಸೆ ಬಿಟ್ಟುಹೋದ ಮೇಲೆ ಎರಡು ಮೊಮ್ಮಕ್ಕಳನ್ನು ಸಾಕುತ್ತಿದ್ದಳು.

"ಏನೇ, ಮುಖ ನಿನ್ನೆ ಉಪ್ಪಿಟ್ಟಿನ ಹಾಗಿದೆ?"

"ಸುಪ್ರಿಯಾ ಬಂದಿದ್ಲು."

"ನಮ್ಮನೆಗೂ ಬಂದಿದ್ಲು. ಬಾಗಿಲು ತೆಗೀಲಿಲ್ಲ ನಾನು. ಮೊಮ್ಮಗನ ಕೈಲಿ ಅಜ್ಜಿ ಸಂತೆಗೆ ಹೋಗಿದೆ ಅನ್ನಿಸ್ದೆ." ವಿಮಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನೋಡು, ನಾನು ಹೇಳೋದು ಮೂರೇ ಮಾತು. ಮೀಟಿಂಗ್ ಆಯ್ತು. ಹುಡುಗಿ ಬಂತು. ಬಿಡ್ತೀನಿ ಅಂತು. ನೀನೂ ಅದೇ ಮೂರು ಹೇಳು."

"ನಾನು ಆವತ್ತು ಇರ್ಲಿಲ್ಲ ವಿಮಲಮ್ಮ. ಮಾವನ ಪಕ್ಷ."

ಬಸ್ಸು ಒಂದು ಸ್ಟಾಪಿನಲ್ಲಿ ನಿಂತು ಆರು ಹೆಂಗಸರನ್ನು ಹತ್ತಿಸಿಕೊಂಡು ಹೊರಟಿತು.

"ಯಾರಿಗೆ ಹೇಳ್ದೆ ಇದನ್ನ?"

"ಯಾರಿಗೂ ಇಲ್ಲ."

"ಹಾಗೇ ಇಟ್ಕೋ. ಬ್ರ್ಯಾಂಡಿನೋರು ಏನ್ ನಮ್ಮ ಅಣ್ಣತಮ್ಮಂದಿರಾ? ಇಲ್ಲಿ ಗಲಾಟೆ ಅಂದ್ರೆ ಆರ್ಡರ್ ಎತ್ಕೊಂಡು ಇನ್ನೊಂದು ದೇಶಕ್ಕೆ ಹೋಗ್ತಾರೆ. ಆಮೇಲೆ ಈ ಬಸ್ಸಲ್ಲಿರೋ ಅಷ್ಟೂ ಜನ ಮನೇಲಿ ಮುದ್ದೆ ತಿರುವಬೇಕು. ಸುಪ್ರಿಯಾ ಒಬ್ಳು. ನಾವೆಷ್ಟು ಜನ?"

ಜಗದಾಂಬಾ ಕಿಟಕಿಯ ಹೊರಗೆ ನೋಡಿದಳು. ವಿಮಲಮ್ಮನ ಲೆಕ್ಕದಲ್ಲಿ ತಪ್ಪಿರಲಿಲ್ಲ.

"ನಿಂದು ಕೂತು ಮಾಡೋ ಕೆಲಸ," ಎಂದಳು ವಿಮಲಮ್ಮ. "ಅದನ್ನಾದ್ರೂ ನೆನಪಿಟ್ಕೋ."

ಆ ಹತ್ತು ದಿನ ಜಗದಾಂಬಾ ನಿದ್ದೆಗೆಡಲಿಲ್ಲ. ಮಲಗಿದ ತಕ್ಷಣ ನಿದ್ದೆ ಬರುತ್ತಿತ್ತು. ಜೇಬುಗಳನ್ನು ನೋಡಿದಳು, ಮನೆಗೆ ಬಂದಳು, ಅಕ್ಕಿ ತೊಳೆದಳು. ಸುಪ್ರಿಯಾಳ ಬಗ್ಗೆ ಏನಾದರೂ ಅನಿಸಬೇಕು ಎಂದು ಒಂದೆರಡು ಸಲ ಸುಮ್ಮನೆ ನಿಂತು ನೋಡಿದಳು. ಸಮತಾ ಹೊಟ್ಟೆಯಲ್ಲಿದ್ದಾಗ ತಾನು ಎಂಟನೇ ತಿಂಗಳವರೆಗೂ ಬೀದಿ ನಲ್ಲಿಯಿಂದ ಕೊಡ ಹೊತ್ತದ್ದು ನೆನಪಾಯಿತು. ಅದರ ಬಗ್ಗೆಯೂ ಏನೂ ಅನಿಸಲಿಲ್ಲ.

ಬ್ರ್ಯಾಂಡಿನವರು ಬರುವ ಹಿಂದಿನ ದಿನ ತನುಜಾ ಅವಳನ್ನು ಕ್ಯಾಂಟೀನಿನ ಮೂಲೆಗೆ ಕರೆದಳು.

"ಅಕ್ಕ, ನಾಳೆ ಅವ್ರು ಕೇಳ್ತಾರೆ. ಸಹಿ ನಿಮ್ಮದೇ ತಾನೇ? ಹೌದು ಅನ್ನಿ. ಮೀಟಿಂಗ್ ಆಯ್ತಾ ಅಂದ್ರೆ ಆಯ್ತು ಅನ್ನಿ. ಜಾಸ್ತಿ ಮಾತು ಬೇಡ."

"ನೀನೇ ಬರೆದದ್ದಾ ಅದು?"

ತನುಜಾ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿದಳು. "ಮೇಲಿಂದ ಹೇಳಿದ್ದನ್ನ ಬರೆದೆ ಅಕ್ಕ. ನಂಗೂ ಮಗು ಇದೆ."

"ಮೊನ್ನೆ ಜ್ವರ ಅಂದಿದ್ಯಲ್ಲ, ಬಿಡ್ತಾ ಅದಕ್ಕೆ?"

"ಬಿಡ್ತು."

ಇಬ್ಬರೂ ಎದ್ದರು.

*

ಬೆಂಗಳೂರಿನಿಂದ ಬಂದಾಕೆಯ ಹೆಸರು ಅಮೂಲ್ಯ. ಮೂವತ್ತರ ಹೆಂಗಸು, ಹತ್ತಿ ಕುರ್ತಾ, ತೊಡೆಯ ಮೇಲೆ ಲ್ಯಾಪ್‌ಟಾಪ್. ಮಾತಾಡಲು ಅವಳಿಗೆ ಶಿಶುಪಾಲನಾ ಕೋಣೆ ಕೊಟ್ಟಿದ್ದರು. ಕೆಲಸದ ಹೆಂಗಸರ ಮಕ್ಕಳಿಗೆಂದು ಮಾಡಿದ ಕೋಣೆ. ಮಕ್ಕಳು ಅಲ್ಲಿಗೆ ಬಂದದ್ದನ್ನು ಜಗದಾಂಬಾ ನೋಡಿರಲಿಲ್ಲ. ಗೊಂಬೆಗಳ ಮೇಲಿನ ಪ್ಲಾಸ್ಟಿಕ್ ಕವರು ಇನ್ನೂ ಬಿಚ್ಚಿರಲಿಲ್ಲ. ಕುರ್ಚಿಗಳು ಮೂರು ವರ್ಷದ ಮಕ್ಕಳ ಅಳತೆಯವು. ಇಬ್ಬರೂ ಮೊಣಕಾಲು ಎದೆಗೆ ತಾಗುವಂತೆ ಕೂತರು.

"ನಿಮ್ಮ ಹೆಸರು ಯಾರಿಗೂ ಹೇಳಲ್ಲ," ಎಂದಳು ಅಮೂಲ್ಯ. ಹಾಳೆಯ ಕೆಳಗೆ ಹೆಸರು ಬರೆದೇ ಇತ್ತು. "ಈ ಸಹಿ ನಿಮ್ಮದಾ?"

"ಹೌದು."

"ಮೀಟಿಂಗ್ ಆಯ್ತಾ?"

"ಆಯ್ತು," ಎಂದಳು ಜಗದಾಂಬಾ. ಸಲೀಸಾಗಿ ಬಂತು. ವಿಮಲಮ್ಮ ಆಗಲೇ ಒಳಗೆ ಬಂದು ಮೂರು ಮಾತು ಹೇಳಿ ಹೋಗಿದ್ದಳು. ಇನ್ನೆರಡು ಹೇಳಿದರೆ ಮುಗಿಯಿತು.

ಅಮೂಲ್ಯ ಟೈಪ್ ಮಾಡಿಕೊಂಡಳು. ಆಮೇಲೆ ಹಾಳೆಯನ್ನು ಇನ್ನೊಮ್ಮೆ ನೋಡಿ, ಯಾವ ಒತ್ತಾಯವೂ ಇಲ್ಲದ ದನಿಯಲ್ಲಿ, "ಇಲ್ಲಿ 'ಮನೆಯ ಜವಾಬ್ದಾರಿಗಳ ಕಾರಣದಿಂದ' ಅಂತ ಇದೆ. ಆವತ್ತು ಏನು ಜವಾಬ್ದಾರಿ ಇತ್ತು ಅಂತ ಸ್ವಲ್ಪ ಹೇಳ್ತೀರಾ?" ಎಂದು ಕೇಳಿದಳು.

ಜಗದಾಂಬಾಳನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ತನುಜಾ ಹೇಳಿಕೊಟ್ಟದ್ದರಲ್ಲೂ ಅದು ಇರಲಿಲ್ಲ. ಅವಳು ಗೊಂಬೆಗಳ ಕಡೆ ನೋಡುತ್ತಾ ಹೇಳತೊಡಗಿದಳು.

"ಬೆಳಿಗ್ಗೆ ಮೂರೂವರೆಗೆ ಎದ್ದಿದ್ದು. ಮನೆ ತೊಳೆದು, ತಲೆಗೆ ಸ್ನಾನ ಮಾಡ್ಕೊಂಡು, ಕಡುಬಿಗೆ ಅಕ್ಕಿ ತರಿ ಬೇಯಿಸಿದ್ದು. ಎರಡು ಸೇರಿನದು. ವಡೆಗೆ ಬೇಳೆ ಹಿಂದಿನ ದಿನ ನೆನೆಹಾಕಿತ್ತು, ಮಿಕ್ಸಿ ಕೆಟ್ಟಿತ್ತು, ಒರಳಲ್ಲಿ ರುಬ್ಬಿದ್ದು. ಕುಂಬಳಕಾಯಿ ಪಲ್ಯ, ಪಾಯಸ. ಕೋಳಿ ಎರಡು, ಕೊಯ್ಸಿದ್ದು ಅಂಗಡೀಲಿ, ಆದ್ರೆ ತೊಳೆದು ಸುಟ್ಟು ಹೆಚ್ಚಿದ್ದು ಮನೇಲೇ. ಮಾವನಿಗೆ ಒಣಮೀನು ಇಷ್ಟ, ಅದನ್ನ ಬೇರೆ ಒಲೆ ಮೇಲೆ ಹುರಿದಿದ್ದು. ಬೀಡಿ ಕಟ್ಟು, ಒಂದು ಸಣ್ಣ ಬಾಟ್ಲಿ, ಹೊಸ ಪಂಚೆ, ಅದನ್ನೆಲ್ಲ ಎಡೆ ಮುಂದೆ ಇಟ್ಟಿದ್ದು. ಹನ್ನೊಂದು ಜನ ನೆಂಟರು. ಮೂರು ಪಂಕ್ತಿ. ಮೂರು ಗಂಟೆಗೆ ನಾನು ಪಾತ್ರೆ ಹಿತ್ತಲಿಗೆ ಹಾಕ್ಕೊಂಡು ತೊಳೀತಿದ್ದೆ. ಐದೂವರೆಗೆ ಮುಗೀತು. ಆಮೇಲೆ ಊಟ ಮಾಡ್ದೆ. ಸಾರಿಗೆ ಉಪ್ಪು ಜಾಸ್ತಿ ಆಗಿತ್ತು."

ಅಮೂಲ್ಯಳ ಬೆರಳು ನಿಂತಿತ್ತು. "ಇದೆಲ್ಲ ಸುಪ್ರಿಯಾ ಹೇಳಿದ್ದಾ?"

"ಅಲ್ಲ. ನಾನು ಮಾಡಿದ್ದು."

"ಯಾವತ್ತು?"

"ಹದಿನೇಳನೇ ತಾರೀಖು. ಬುಧವಾರ."

ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ತಾನು ಏನು ಹೇಳಿದೆ ಎನ್ನುವುದು ಜಗದಾಂಬಾಗೆ ಆಗ ತಿಳಿಯಿತು. ಹೆದರಿಕೆಯಾಗಲಿಲ್ಲ. ಪುಟ್ಟ ಕುರ್ಚಿಯಲ್ಲಿ ಕಾಲು ಜೋಮು ಹಿಡಿದಿತ್ತು, ಅದನ್ನು ಸ್ವಲ್ಪ ಚಾಚಿದಳು. ಈಗಲೂ, 'ಮೇಡಂ, ನಾನು ತಾರೀಖು ತಪ್ಪು ಹೇಳಿದೆ' ಅನ್ನಬಹುದಿತ್ತು. ನಾಗೇಶ ಭಾನುವಾರ ಅಂದಿದ್ದ, ಅತ್ತೆ ಅಮಾವಾಸ್ಯೆ ಅಂದಿದ್ದರು. ಸಾಕ್ಷಿಗೆ ಯಾರನ್ನು ಕರೆದರೂ ಅವಳ ಬುಧವಾರ ನಿಲ್ಲುತ್ತಿರಲಿಲ್ಲ.

"ನಾನು ಮೀಟಿಂಗಲ್ಲಿ ಇರ್ಲಿಲ್ಲ ಮೇಡಂ," ಎಂದಳು. "ಕೆಲಸಕ್ಕೇ ಬಂದಿರ್ಲಿಲ್ಲ. ಗೇಟಿನ ಕಾರ್ಡ್ ಪಂಚ್ ತೆಗ್ಸಿ ನೋಡಿ. ಸಹಿ ಹಾಕಿದ್ದು ಜುಲೈಯಲ್ಲಿ. ಹಾಳೆ ಖಾಲಿ ಇತ್ತು. ಅವ್ರು ಕೇಳಿದ್ದು ಒಂದು ಸಹಿ. ನಾನೇ ಮೂರು ಹಾಕ್ದೆ."

"ಯಾಕೆ?"

"ಕೈಲಿ ಕೆಲಸ ಇತ್ತು."

*

ಪಂಚ್ ತೆಗೆಸಿದರು. ಹದಿನೇಳರಂದು ಜಗದಾಂಬಾ ರಜೆ. ಆಮೇಲಿನದು ಕಾಗದದಲ್ಲಿ ನಡೆಯಿತು. ಆರ್ಡರು ಯಾವ ದೇಶಕ್ಕೂ ಹೋಗಲಿಲ್ಲ. ನವೆಂಬರಿನ ನಡುವೆ ಸುಪ್ರಿಯಾಗೆ ಪತ್ರ ಬಂತು: ಕೆಲಸ ಬಿಟ್ಟದ್ದು ರದ್ದು, ರಜೆಗೆ ಹೋಗುವವರೆಗೆ ಕೂತು ಲೇಬಲ್ ಎಣಿಸುವ ಕೆಲಸ, ಆಮೇಲೆ ಇಪ್ಪತ್ತಾರು ವಾರ. ತನುಜಾಳನ್ನು ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿದರು. ಹೇಳಿಕೊಟ್ಟು ಬರೆಸಿದ ಮೇಲಿನವರು ಮೇಲೆಯೇ ಉಳಿದರು.

ಸಮಿತಿಯನ್ನು ಹೊಸದಾಗಿ ಮಾಡಿದರು. ಜಗದಾಂಬಾಳ ಹೆಸರು ಅದರಲ್ಲಿರಲಿಲ್ಲ. ಒಂದು ಬೆಳಿಗ್ಗೆ ಮೇಲ್ವಿಚಾರಕ ಬಂದು, ಇನ್ನು ಮೇಲೆ ನೀವು ದಾರದ ಟೇಬಲ್, ಎಂದ. ಕಾರಣ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. ಸ್ಟೂಲಿನ ಮೇಲೆ ವಿಮಲಮ್ಮನನ್ನು ಕೂರಿಸಿದರು. ಜಗದಾಂಬಾ ಕತ್ತರಿ ತೆಗೆದುಕೊಂಡು ವಿಮಲಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು.

ಬಸ್ಸಿನಲ್ಲಿ ವಿಮಲಮ್ಮ ಎರಡು ದಿನ ಬೇರೆ ಸೀಟಿನಲ್ಲಿ ಕೂತಳು. ಮೂರನೇ ದಿನ ಬಂದು ಪಕ್ಕದಲ್ಲಿ ಕೂತು, "ನಾನು ಕೇಳಿ ತಗೊಂಡಿಲ್ಲ ಕಣೆ," ಎಂದಳು.

"ಗೊತ್ತು."

"ನಿಂಗೆ ಸಿಟ್ಟಿದ್ರೆ ಬೈದುಬಿಡು ಮಾರಾಯ್ತಿ."

ಜಗದಾಂಬಾ ಹುಡುಕಿದಳು. ಸಿಟ್ಟು ಸಿಗಲಿಲ್ಲ. "ಏಳನೇ ಜೇಬು ಒಳಗಡೆ ಇರುತ್ತೆ, ಎಡಕ್ಕೆ," ಎಂದಳು. "ಅದು ಹೊಸಬರಿಗೆ ಗೊತ್ತಾಗಲ್ಲ."

ರಜೆಗೆ ಹೋಗುವ ದಿನ ಸುಪ್ರಿಯಾ ದಾರದ ಟೇಬಲಿನ ಹತ್ತಿರ ಬಂದಳು. ಹೊಟ್ಟೆ ಟೇಬಲಿಗೆ ತಾಗುತ್ತಿತ್ತು.

"ಹೊಳೆಹೊನ್ನೂರಿಗೆ ಹೋಗ್ತಿದೀನಿ ಅಕ್ಕ, ಅಮ್ಮನ ಮನೆಗೆ."

"ಹುಷಾರಾಗಿ ಹೋಗು."

"ನೀವು ಹೇಳಿದ್ದಕ್ಕೇ ಆಯ್ತು ಅಂತ ಎಲ್ರೂ ಅಂತಾರೆ." ಸುಪ್ರಿಯಾ ಟೇಬಲಿನ ಮೇಲಿನ ದಾರದ ಚೂರುಗಳನ್ನು ಕೈಯಲ್ಲಿ ಒಟ್ಟು ಮಾಡಿದಳು. "ನೀವು ಸಹಿ ಹಾಕದೇ ಇದ್ದಿದ್ರೆ ಇದೆಲ್ಲ ಬೇಕೇ ಇರ್ಲಿಲ್ಲ ಅಕ್ಕ. ಎರಡು ತಿಂಗಳು ನಾನು ಹೇಗಿದ್ದೆ ಅಂತ ನಂಗೇ ಗೊತ್ತು."

"ಹೌದು," ಎಂದಳು ಜಗದಾಂಬಾ.

ಸುಪ್ರಿಯಾ ದಾರದ ಚೂರುಗಳನ್ನು ಬುಟ್ಟಿಗೆ ಹಾಕಿ, 'ಬರ್ತೀನಿ' ಎಂದು ಹೋದಳು.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಅಮೂಲ್ಯ ಫೋನ್ ಮಾಡಿದಳು. ನಾಗೇಶ ಊಟಕ್ಕೆ ಕೂತಿದ್ದ. ಒಲೆಯ ಮೇಲೆ ಸಾರು ಇತ್ತು. ಜಗದಾಂಬಾ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅನ್ನದ ಕುಕ್ಕರಿನ ಮುಚ್ಚಳ ತೆಗೆದಳು.

"ಆವತ್ತು ಮಾತಾಡಿದ ಮೇಲೆ ನಿಮಗೆ ಯಾರಾದ್ರೂ ತೊಂದರೆ ಕೊಟ್ಟಿದಾರಾ?"

"ಇಲ್ಲ ಮೇಡಂ."

"ಬೈದಿದ್ದು, ಸಂಬಳ ಹಿಡಿದಿದ್ದು, ಏನೂ ಇಲ್ವಾ?"

"ಏನೂ ಇಲ್ಲ."

"ಕೆಲಸ ಅದೇ ಇದೆಯಾ?"

"ದಾರದ ಟೇಬಲ್‌ಗೆ ಹಾಕಿದಾರೆ."

"ಅದು ನಿಂತು ಮಾಡೋ ಕೆಲಸ ಅಲ್ವಾ? ಮೊದಲು ಕೂತಿದ್ರಲ್ಲ ನೀವು?"

"ಹೌದು. ಈಗ ನಿಂತಿರ್ತೀನಿ."

"ಜಗದಾಂಬಾ ಅವರೇ, ಅದೇ ತೊಂದರೆ. ಅದನ್ನೇ ನಾನು ಕೇಳಿದ್ದು."

ಅದು ತೊಂದರೆ ಎಂದು ಜಗದಾಂಬಾಗೆ ಹೊಳೆದಿರಲಿಲ್ಲ. ಸಂಜೆ ಹೊತ್ತಿಗೆ ಪಾದ ಬಾತುಕೊಳ್ಳುತ್ತಿತ್ತು, ಮನೆಗೆ ಬಂದು ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದಳು. ಅಲ್ಲಿಯದು ಎಲ್ಲಿ ಮುಗಿದು ಇಲ್ಲಿಯದು ಎಲ್ಲಿ ಶುರುವಾಗುತ್ತದೆ ಎಂದು ಕಾಲಿಗೆ ಗೊತ್ತಾಗುತ್ತಿರಲಿಲ್ಲ.

"ನಾನು ಇದನ್ನ ದಾಖಲು ಮಾಡಲಾ? ಮಾಡಿದ್ರೆ ಕಂಪನಿಗೆ ಮತ್ತೆ ಕೇಳಬೇಕಾಗುತ್ತೆ. ನೀವು ಹೇಳಿದ್ದು ಅಂತ ಅವರಿಗೆ ತಿಳಿಯುತ್ತೆ."

"ಸುಪ್ರಿಯಾದು ಏನಾದ್ರೂ ನಿಲ್ಲುತ್ತಾ ಅದರಿಂದ?"

"ಇಲ್ಲ. ಅವರದು ಮುಗಿದಿದೆ. ಅದನ್ನ ಯಾರೂ ಮುಟ್ಟೋಕಾಗಲ್ಲ."

"ಹಾಗಾದ್ರೆ ಬರ್ಕೊಳ್ಳಿ," ಎಂದಳು ಜಗದಾಂಬಾ.

"ಏ, ಸಾರು ಉಕ್ತಾ ಇದೆ ನೋಡೇ," ಎಂದರು ದುರ್ಗಮ್ಮ ಹೊರಗಿನಿಂದ. ಅವಳು ಒಲೆ ಸಣ್ಣ ಮಾಡಿದಳು. ಫೋನನ್ನು ಕಿಟಕಿಯ ಮೇಲಿಟ್ಟು, ಪಾತ್ರೆ ಇಳಿಸಿ, ಬಟ್ಟೆಯಿಂದ ಒಲೆಯ ಸುತ್ತ ಒರೆಸಿದಳು.

"ಯಾರದು ಫೋನು?" ಎಂದ ನಾಗೇಶ.

"ಬೆಂಗಳೂರಿಂದ."

"ಏನಂತೆ?"

"ನಾನು ಕೆಲಸದಲ್ಲಿ ನಿಂತಿರ್ತೀನಾ, ಕೂತಿರ್ತೀನಾ ಅಂತ."

ನಾಗೇಶ ನಕ್ಕ. "ಅದನ್ನ ಕೇಳೋಕೆ ಬೆಂಗಳೂರಿಂದ ಫೋನಾ? ಪುರುಸೊತ್ತು ಎಷ್ಟಿರಬೇಕು ಜನಕ್ಕೆ." ತಟ್ಟೆಯನ್ನು ಸ್ವಲ್ಪ ಮುಂದೆ ತಳ್ಳಿದ. "ಅನ್ನ ಹಾಕು."

ಅವಳು ಹಾಕಿದಳು.